ಹಿಟ್ಲರನ ಕೊನೇ ಕಾಗದ

ಹಿಟ್ಲರ್ ಸಾಯೋಕ್ಮುಂಚೆ ಬರೆಸಿದ ವಿಲ್ ಇದ್ಯಲ್ಲ, ಅದನ್ನ ಈ ವಾರ ಪೂರ್ತಿ ಓದ್ದೆ. ಎರಡಿವೆ, ಒಂದು ಸ್ವಂತದ್ದು, ಇನ್ನೊಂದು ರಾಜಕೀಯದ್ದು. 1945ರ ಏಪ್ರಿಲ್ 29, ಬೆಳಗಿನ ಜಾವ 4 ಗಂಟೆಗೆ ಬರ್ಲಿನ್ನಿನ ಬಂಕರಲ್ಲಿ ಸಹಿ. ಅದೇ ರಾತ್ರಿ ಈವಾ ಬ್ರೌನ್ ಜೊತೆ ಮದುವೆ ಬೇರೆ, ಹೊರಗಡೆ ರಷ್ಯನ್ನರು ಬೀದಿ ಬೀದಿ ಹಿಡ್ಕೊಂಡು ಹತ್ರ ಬಂದ್ಬಿಟ್ಟಿದಾರೆ.

ಡಿಕ್ಟೇಶನ್ ತಗೊಂಡಿದ್ದು ಟ್ರೌಡಲ್ ಯೂಂಗೆ ಅನ್ನೋ ಸೆಕ್ರೆಟರಿ, 25 ವರ್ಷ. ಇಷ್ಟೆಲ್ಲ ಯಾಕಾಯ್ತು ಅಂತ ಈಗ್ಲಾದ್ರೂ ಹೇಳ್ತಾನೆ ಅಂತ ಕಾದಿದ್ಲು ಪಾಪ. ಬಂದಿದ್ದು ಅದೇ ಹಳೇ ಭಾಷಣ. 1939ರಲ್ಲಿ ಯುದ್ಧ ಬೇಕು ಅಂದವನು ನಾನಲ್ಲ, ಎಲ್ಲಾ ಯಹೂದಿಗಳ ಕೆಲ್ಸ ಅಂತೆ. ಪೋಲೆಂಡಿಗೆ ನುಗ್ಗಿದ್ದು ಯಾರಪ್ಪಾ ಹಾಗಾದ್ರೆ?

ಆಮೇಲೆ ಶುರುವಾಗುತ್ತೆ ನೋಡಿ ಖಾತೆ ಹಂಚಿಕೆ. ವಾಯುಪಡೆ ಮುಖ್ಯಸ್ಥ ಗೋರಿಂಗ್ ಔಟ್, ಶತ್ರುಗಳ ಜೊತೆ ಕದ್ದುಮುಚ್ಚಿ ಸಂಧಾನಕ್ಕೆ ಹೋಗಿದ್ದ ಎಸ್‌ಎಸ್ ಪಡೆ ಮುಖ್ಯಸ್ಥ ಹಿಮ್ಲರ್ ಔಟ್. ನೌಕಾಪಡೆಯ ಡೋನಿಟ್ಸ್ ಅಧ್ಯಕ್ಷ, ಪ್ರಚಾರ ಮಂತ್ರಿ ಗೋಬೆಲ್ಸ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ), ಹಣಕಾಸಿಗೊಬ್ಬ, ಕೃಷಿಗೊಬ್ಬ, ಸಂಸ್ಕೃತಿಗೂ ಒಬ್ಬ ಮಂತ್ರಿ! ದೇಶಾನೇ ಕೈಯಲ್ಲಿಲ್ಲ. ಆ ಗೋಬೆಲ್ಸ್ ಮೇ 1ಕ್ಕೆ ತನ್ನ ಆರೂ ಮಕ್ಕಳನ್ನ ಸಾಯಿಸಿ ಹೆಂಡತಿ ಜೊತೆ ತಾನೂ ಸತ್ತ, ಡೋನಿಟ್ಸ್ ಸರ್ಕಾರವನ್ನ ಮೇ 23ಕ್ಕೆ ಅರೆಸ್ಟ್ ಮಾಡಿದ್ರು.

ನಂಗೆ ನಿದ್ದೆ ಕೆಡಿಸಿದ್ದು ಮಾತ್ರ ಒಂದೇ ಮಾತು. ನಮ್ಮ ಜನ ಹಸಿವಿಂದ, ಬಾಂಬಿಗೆ ಸುಟ್ಟು ಸತ್ರು, ಅದಕ್ಕೆ ನಿಜವಾದ ಅಪರಾಧಿ (ಅವನ ಲೆಕ್ಕದಲ್ಲಿ ಯಹೂದಿ) ಬೆಲೆ ತೆರ್ತಾನೆ ಅಂತ ಮೊದ್ಲೇ ಹೇಳಿದ್ದೆ, "ಹೆಚ್ಚು ಮಾನವೀಯ ವಿಧಾನದಲ್ಲಾದರೂ ಸರಿ" ಅನ್ನೋ ಅರ್ಥದಲ್ಲಿ ಬರೆಸ್ತಾನೆ. ಮಾನವೀಯ ಅಂತೆ, ಗ್ಯಾಸ್ ಚೇಂಬರ್ರು! ಯಹೂದಿಗಳನ್ನ ಕೊಂದಿದ್ದು ಅವನಿಗೆ ಗೊತ್ತೇ ಇರ್ಲಿಲ್ಲ, ಕೆಳಗಿನೋರು ಮಾಡಿದ್ದು ಅಂತ ಇವತ್ತಿಗೂ ವಾದ ಮಾಡೋರಿದಾರಲ್ಲ, ಅವರು ಆ ಸಾಲು ಒಂದ್ಸಲ ಓದ್ಲಿ. ನಮ್ಮಲ್ಲೂ ಟ್ರಾಫಿಕ್ಕಿಗೆ ಬೈಕೊಂಡು "ಹಿಟ್ಲರ್ ಥರ ಒಬ್ಬ ಬರ್ಬೇಕು ಮಾರಾಯ" ಅನ್ನೋರಿಗೂ ಸೇರಿಸಿ ಹೇಳ್ತಿದೀನಿ. ಕೊನೇ ಪ್ಯಾರಾದಲ್ಲೂ ಜನಾಂಗದ ಕಾನೂನು ಬಿಡಬೇಡಿ ಅಂತಾನೇ ಆಣತಿ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹೆಣ ಸುಡೋದೂ ವಿಲ್ಲಲ್ಲೇ ಇದೆ.

ಸ್ವಂತದ ವಿಲ್ ಇನ್ನೂ ವಿಚಿತ್ರ. ಪೇಂಟಿಂಗ್‌ಗಳು ಲಿಂಟ್ಸ್ ಊರಿನ ಗ್ಯಾಲರಿಗಂತೆ, ಅದ್ರಲ್ಲಿ ಯಾರ್ಯಾರದ್ದೋ ಮನೆಯಿಂದ ದೋಚಿದ್ದು ಎಷ್ಟೋ. ಇರೋದೆಲ್ಲ ಪಕ್ಷಕ್ಕೆ, ಪಕ್ಷ ಇಲ್ದಿದ್ರೆ ದೇಶಕ್ಕೆ, ದೇಶಾನೂ ಹಾಳಾಗಿದ್ರೆ ನಾನಿನ್ನು ತೀರ್ಮಾನ ಮಾಡೋ ಅಗತ್ಯ ಇಲ್ಲ ಅಂತಾನೆ. ಕೋಟಿಗಟ್ಟಲೆ ಜನ ಸತ್ತಿದಾರೆ, ಒಂದು ಕಡೇನೂ "ತಪ್ಪಾಯ್ತು" ಇಲ್ಲ.

ಮೂರು ಪ್ರತಿ ಮಾಡಿ ಮೂವರ ಕೈಲಿ ಹೊರಗೆ ಕಳ್ಸಿದ್ರು, ಒಂದೂ ತಲುಪಬೇಕಾದವರಿಗೆ ತಲುಪ್ಲಿಲ್ಲ. ಒಬ್ಬ ಕೋಟಿನ ಭುಜದೊಳಗೆ ಹೊಲ್ಕೊಂಡಿದ್ದ, ಇನ್ನೊಬ್ಬನದ್ದು ಟ್ರಂಕಲ್ಲಿ ಸಿಕ್ತು. ಮೂರನೆಯವನು ಊರಿಗೋಗಿ ಬಾಟ್ಲಿಗೆ ತುಂಬಿ ಮನೆ ತೋಟದಲ್ಲಿ ಹೂತಿಟ್ಟಿದ್ದ.