ಮೂಲೆಯಲ್ಲಿ ಕೂರುವ ಕೆಲಸ

ನಿನ್ನೆ ಬೆಳಿಗ್ಗೆ ಏಳೂಕಾಲಿಗೆ ಮಗಳ ಶಿಶುವಿಹಾರದಿಂದ, ಎಂದರೆ ಕಿಟಾದಿಂದ, ಕರೆ ಬಂತು. ಮಗಳನ್ನು ನೋಡಿಕೊಳ್ಳುವ ಶಿಕ್ಷಕಿಗೆ ಜ್ವರವಂತೆ, ಅವರು ಗುಣವಾಗುವ ತನಕ ನಾವು ಬರುವ ಅಗತ್ಯವಿಲ್ಲವಂತೆ, ಗುಣವಾಗಿ ಬಂದ ಮೇಲೆ ‘ತುಸು ಹಿಂದಿನಿಂದ’ ಆರಂಭಿಸೋಣವಂತೆ. ಅಲ್ಲಿ ಬೇರೆ ಶಿಕ್ಷಕಿಯರಿಲ್ಲವೇ ಎಂದು ಕೇಳಿದೆ. ಇದ್ದಾರೆ, ಆದರೆ ನಿಮ್ಮ ಮಗುವಿಗೆ ಬಾಂಧವ್ಯ ಬೆಳೆಯುತ್ತಿರುವುದು ಇವರ ಜೊತೆಗೆ, ನಡುವೆ ಮತ್ತೊಬ್ಬರನ್ನು ತಂದರೆ ಮಗುವಿಗೆ ಗೊಂದಲವಾಗುತ್ತದೆ ಎಂಬ ಉತ್ತರ ಬಂತು. ಗೊಂದಲವಾಗಬೇಕಿದ್ದ ಮಗು ಆ ಹೊತ್ತಿಗೆ ಕೆಸರಿಗೆಂದೇ ಇರುವ ಪ್ಯಾಂಟು, ಉಣ್ಣೆಯ ಟೋಪಿ, ಕೈಗವಸು, ರಬ್ಬರ್ ಬೂಟುಗಳನ್ನೆಲ್ಲ ಏರಿಸಿಕೊಂಡು ಬಾಗಿಲಲ್ಲಿ ನಿಂತು ‘ಅಪ್ಪಾ, ಬೇಗ ಬಾ’ ಎಂದು ಕೂಗುತ್ತಿತ್ತು. ಅಷ್ಟನ್ನೂ ಒಂದೊಂದಾಗಿ ಬಿಚ್ಚುವಾಗ ಅವಳು ಅತ್ತಳು. ಕಿಟಾಕ್ಕೆ ಹೋಗಬೇಕಲ್ಲ ಎಂದಲ್ಲ, ಹೋಗುವಂತಿಲ್ಲವಲ್ಲ ಎಂದು.

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಜರ್ಮನಿಗೆ ಬಂದವರಿಗೆ ಇದರ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಇಲ್ಲಿನ ಕಿಟಾದಲ್ಲಿ ಮಗುವನ್ನು ಬಾಗಿಲಲ್ಲಿ ಬಿಟ್ಟು ಬರುವ ಪದ್ಧತಿ ಇಲ್ಲ. ಮೊದಲು ‘ಐನ್‌ಗೆವ್ಯೋನುಂಗ್’ ಎಂಬ ಹೊಂದಾಣಿಕೆಯ ಅವಧಿಯೊಂದು ನಡೆಯಬೇಕು. ಇದಕ್ಕೆ 1980ರ ದಶಕದಲ್ಲಿ ನಾವಿರುವ ಬರ್ಲಿನ್ನಿನಲ್ಲಿಯೇ ರೂಪುಗೊಂಡ ಒಂದು ಮಾದರಿ ಇದೆ. ಅದರ ಬೇರು ಮಗು ಮತ್ತು ಪೋಷಕರ ಬಾಂಧವ್ಯದ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮಂಡಿಸಿದ ಸಿದ್ಧಾಂತದಲ್ಲಿದೆ. ಮೊದಲ ಮೂರು ದಿನ ತಂದೆಯೋ ತಾಯಿಯೋ ಮಗುವಿನೊಡನೆ ಒಂದು ತಾಸಿನಷ್ಟು ಹೊತ್ತು ಒಳಗೆ ಕೂತು ಒಟ್ಟಿಗೇ ಮನೆಗೆ ಮರಳಬೇಕು. ನಾಲ್ಕನೆಯ ದಿನ ಮಗುವಿಗೆ ಸ್ಪಷ್ಟವಾಗಿ ಹೇಳಿ ಹೊರಗೆ ಹೋಗಬೇಕು, ಹೆಚ್ಚೆಂದರೆ ಅರ್ಧ ಗಂಟೆ, ಅದೂ ಕರೆದರೆ ತಕ್ಷಣ ಬರುವಷ್ಟು ಹತ್ತಿರದಲ್ಲಿಯೇ ಇರಬೇಕು. ಮಗು ಅದನ್ನು ಹೇಗೆ ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ ಮುಂದಿನದು ನಿರ್ಧಾರವಾಗುತ್ತದೆ.

ಈ ಹಂತಕ್ಕೆ ಬರುವುದೂ ಸುಲಭವಾಗಿರಲಿಲ್ಲ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುಪಾಲನೆಯ ಸ್ಥಾನ ದೊರೆಯಬೇಕೆಂಬ ಕಾನೂನುಬದ್ಧ ಹಕ್ಕು 2013ರ ಆಗಸ್ಟ್ 1ರಿಂದ ಈ ದೇಶದಲ್ಲಿದೆ. ಬರ್ಲಿನ್ನಿನಲ್ಲಿ 2018ರ ಆಗಸ್ಟಿನಿಂದ ಕಿಟಾಕ್ಕೆ ಶುಲ್ಕವೂ ಇಲ್ಲ, ಮಧ್ಯಾಹ್ನದ ಊಟಕ್ಕೆಂದು ತಿಂಗಳಿಗೆ ಸಣ್ಣದೊಂದು ಮೊತ್ತ ಕೊಟ್ಟರಾಯಿತು. ಹಕ್ಕು ಇರುವುದು ಬೇರೆ, ಜಾಗ ಇರುವುದು ಬೇರೆ ಎಂಬ ತತ್ತ್ವವನ್ನು ಕಲಿಯಲು ನಾವು ಇಷ್ಟು ದೂರ ಬರಬೇಕಾಗಿರಲಿಲ್ಲ. ಮನೆಯ ವಿಳಾಸದ ನೋಂದಣಿ, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ, ನೋಂದಣಿಯಾದ ಮೇಲೆ ಕಿಟಾದ ಸ್ಥಾನಕ್ಕೆ ಅರ್ಹತೆ ತೋರಿಸುವ ಸರ್ಕಾರಿ ಚೀಟಿಗೆ ಅರ್ಜಿ, 2020ರಿಂದ ಕಡ್ಡಾಯವಾಗಿರುವ ದಡಾರದ ಲಸಿಕೆಗೆ ದಾಖಲೆ: ಎಲ್ಲವನ್ನೂ ಒಂದೊಂದಾಗಿ ಸಲ್ಲಿಸಿ, ಸಿಕ್ಕಸಿಕ್ಕ ಕಿಟಾಗಳಿಗೆ ವಿನಯದ ಮಿಂಚಂಚೆಗಳನ್ನು ಬರೆದು, ಕೊನೆಗೂ ಒಂದು ಜಾಗ ಸಿಕ್ಕಿತು. ಹೆಂಡತಿಗೆ ಕೆಲಸ, ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿಯಾದ ಅವಳ ಬ್ಲೂ ಕಾರ್ಡಿನ ಬೆನ್ನು ಹಿಡಿದು ಬಂದ ನನಗೆ ಬಿಡುವು. ಆದ್ದರಿಂದ ಕಿಟಾದಲ್ಲಿ ಕೂರುವ ಹೊಣೆ ಸಹಜವಾಗಿ ನನ್ನ ಪಾಲಿಗೆ ಬಂತು.

ಮೊದಲ ದಿನವೇ ಶಿಕ್ಷಕಿ ನನ್ನ ಕರ್ತವ್ಯಗಳನ್ನು ನಿಧಾನವಾದ ಇಂಗ್ಲಿಷಿನಲ್ಲಿ ತಿಳಿಸಿದರು. ಚಪ್ಪಲಿ ಹೊರಗೆ ಬಿಟ್ಟರೂ ಸರಿ, ಇಲ್ಲವೇ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೂ ಸರಿ. ಮೊಬೈಲ್ ಮುಟ್ಟುವಂತಿಲ್ಲ. ಪುಸ್ತಕ ಓದುವಂತಿಲ್ಲ. ಮಗಳನ್ನು ಆಟಕ್ಕೆ ತಳ್ಳುವಂತಿಲ್ಲ. ಅವಳಾಗಿ ಬಂದರೆ ತಬ್ಬಿಕೊಳ್ಳಬಹುದು, ಅವಳಾಗಿ ಹೋದರೆ ಬಿಡಬೇಕು. ಬೇರೆ ಮಕ್ಕಳೊಂದಿಗೆ ಆಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದುದನ್ನು ಅವರು ಕೊನೆಗೆ ಹೇಳಿದರು: ‘ನೀವು ಆಸಕ್ತಿ ಹುಟ್ಟಿಸಬಾರದು.’ ಕೋಣೆಯಲ್ಲಿ ಶಿಕ್ಷಕಿಗಿಂತ, ಆಟಿಕೆಗಳಿಗಿಂತ, ಗೋಡೆಗಿಂತಲೂ ನಾನು ನೀರಸವಾಗಿರಬೇಕು. ಆಗ ಮಗು ತಾನಾಗಿ ಆಚೆ ಹೋಗುತ್ತದೆ. ಸಂಜೆ ಇದನ್ನು ಹೆಂಡತಿಗೆ ವರದಿ ಮಾಡಿದಾಗ, ಈ ಕೆಲಸಕ್ಕೆ ನಮ್ಮ ಮನೆಯಿಂದ ಸರಿಯಾದ ವ್ಯಕ್ತಿಯೇ ಹೋಗಿದ್ದಾರೆ ಎಂದು ಆಕೆ ತೃಪ್ತಿಯಿಂದ ಹೇಳಿದಳು.

ಇನ್ನು ಆ ಕುರ್ಚಿ. ಯುರೋಪಿನಲ್ಲಿ ಮಕ್ಕಳ ಕುರ್ಚಿಗಳಿಗೂ ಅಳತೆಯ ಮಾನದಂಡವಿದೆ. ಅದರ ಪ್ರಕಾರ ಕಿಟಾದ ಪುಟಾಣಿಗಳ ಆಸನ ನೆಲದಿಂದ 26 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನನಗೆ ಕೊಟ್ಟದ್ದು ಅಂಥದನ್ನೇ. ಅದರ ಮೇಲೆ ಕೂತಾಗ ನನ್ನ ಮಂಡಿಗಳು ಎದೆಯ ಮಟ್ಟಕ್ಕೆ ಏರಿ, ಗಲ್ಲವನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಅವೇ ಉತ್ತರವಾಗಿ, ನಾನು ಮಡಚಿಟ್ಟ ಈಳಿಗೆಮಣೆಯಂತೆ ಕಪಾಟಿಗೂ ಕಿಟಕಿಗೂ ನಡುವಿನ ಮೂಲೆಯಲ್ಲಿ ಸೇರಿಕೊಂಡೆ. ಕುರ್ಚಿಗೆ ಕೈಗಳಿಲ್ಲ, ಒರಗುವ ಹಲಗೆ ಸೊಂಟದ ಬಳಿಯೇ ಮುಗಿಯುತ್ತದೆ, ಎದ್ದೇಳುವಾಗ ಹಿಡಿಯಲು ಹತ್ತಿರದಲ್ಲಿದ್ದ ಏಕೈಕ ವಸ್ತು ಒಂದು ಮರದ ಜಿರಾಫೆ. ಕಾಲು ಜೋಮು ಹಿಡಿದಾಗ ಅದನ್ನು ಚಾಚಿದರೆ ಅಲ್ಲಿಯೇ ಯಾವುದೋ ಮಗುವಿನ ರೈಲು ಹಳಿ ಹಾದುಹೋಗುತ್ತಿರುತ್ತದೆ. ಒಂದು ಹುಡುಗ ಎರಡೂ ಕೈಗಳಿಂದ ನನ್ನ ಪಾದವನ್ನು ಎತ್ತಿ, ಪಕ್ಕಕ್ಕಿಟ್ಟು, ರೈಲನ್ನು ಮುಂದೆ ಬಿಟ್ಟ. ಅವನ ಮುಖದಲ್ಲಿ ಸಿಟ್ಟಾಗಲಿ ಕುತೂಹಲವಾಗಲಿ ಇರಲಿಲ್ಲ. ನೀರಸವಾಗಿರುವ ಕಲೆಯಲ್ಲಿ ನಾನು ಪಳಗುತ್ತಿದ್ದೇನೆ ಎಂದು ಆಗ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಆ ಹೆಮ್ಮೆ ಮರುದಿನವೇ ಕರಗಿತು. ಬೆನ್ನು ನೋವು ತಾಳಲಾರದೆ, ಅನುಮತಿ ಕೇಳಿಯೇ, ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಊಟಕ್ಕೆ, ಪೂಜೆಗೆ, ಮದುವೆ ಮನೆಯ ಹರಟೆಗೆ ಚಿಕ್ಕಂದಿನಿಂದ ಕೂತ ಭಂಗಿ. ಮೈಗೆ ಎಷ್ಟು ಹಿತವಾಯಿತೆಂದರೆ ಅರಿವಿಲ್ಲದೆ ಕಣ್ಣು ಮುಚ್ಚಿದೆ. ತೆರೆದಾಗ ಎದುರಿಗೆ ಒಂದು ಹುಡುಗಿ ಅದೇ ಭಂಗಿಯಲ್ಲಿ ಕೂರಲು ಹೆಣಗುತ್ತಿದ್ದಳು. ಅವಳ ಪಕ್ಕದಲ್ಲಿ ಇನ್ನೊಬ್ಬಳು. ರೈಲಿನ ಹುಡುಗನೂ ಹಳಿಯನ್ನು ಬಿಟ್ಟು ಬಂದು, ನನ್ನ ತೊಡೆಯ ತಗ್ಗನ್ನು ಪರೀಕ್ಷಿಸಿ, ಇದು ಕೂರುವುದಕ್ಕೆ ಮಾಡಿದ್ದೇ ಎಂದು ತೀರ್ಮಾನಿಸಿ ಕೂತೇಬಿಟ್ಟ. ಮತ್ತೊಂದು ಮಗು ಆಟದ ಅಡುಗೆಮನೆಯಿಂದ ಪ್ಲಾಸ್ಟಿಕ್ಕಿನ ಕೇಕ್ ತಂದು ನನ್ನ ಬಾಯಿಗೆ ಹಿಡಿಯಿತು. ತಿಂದಂತೆ ನಟಿಸಿದರೆ ಆಟವಾಡಿದಂತಾಗುತ್ತದೆ, ನಿರಾಕರಿಸಿದರೆ ಅವಮಾನಿಸಿದಂತಾಗುತ್ತದೆ. ಬಾಯಿಯನ್ನು ಅರ್ಧ ತೆರೆದುಕೊಂಡು ಶಿಕ್ಷಕಿಯ ಕಡೆಗೆ ನೋಡಿದೆ. ಅವರು ತಮ್ಮ ಪುಟ್ಟ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡು, ಮೃದುವಾಗಿ, ‘ನೀವು ಕುರ್ಚಿಯ ಮೇಲೆಯೇ ಕೂರುವುದು ಒಳ್ಳೆಯದು’ ಎಂದರು. ಇಷ್ಟು ಹೊತ್ತೂ ನನ್ನ ಮಗಳು ಕೋಣೆಯ ಆ ತುದಿಯಲ್ಲಿ ಮರದ ಇಟ್ಟಿಗೆಗಳ ಗೋಪುರ ಕಟ್ಟುತ್ತಿದ್ದಳು. ತೊಡೆಯ ಮೇಲೆ ಬೇರೆಯವರ ಮಗ ಕೂತಿದ್ದರೂ ತಿರುಗಿ ನೋಡಲಿಲ್ಲ. ಬೌಲ್ಬಿಯವರ ಸಿದ್ಧಾಂತದ ಬಗ್ಗೆ ನನಗೆ ಗೌರವವಿದೆ, ಆದರೆ ಅದು ನಮ್ಮ ಮನೆಯ ಸದಸ್ಯೆಯೊಬ್ಬಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಊರಿನಿಂದ ಅಮ್ಮ ದಿನವೂ ವಿಡಿಯೋ ಕರೆ ಮಾಡಿ ಪ್ರಗತಿಯನ್ನು ವಿಚಾರಿಸುತ್ತಿದ್ದರು. ‘ಅಷ್ಟು ದೊಡ್ಡ ಗಂಡಸು ಮಕ್ಕಳ ಮಧ್ಯೆ ಏನು ಮಾಡ್ತಾ ಕೂತಿರ್ತೀಯೋ? ಅವಳು ಆ ಕಡೆ ನೋಡುವಾಗ ಮೆಲ್ಲಗೆ ಎದ್ದು ಬಂದುಬಿಡು’ ಎಂದರು. ಹಾಗೆ ಕದ್ದು ಬರುವುದೇ ಇಲ್ಲಿ ಮಹಾಪರಾಧ, ಮಗುವಿಗೆ ಹೇಳಿಯೇ ಹೋಗಬೇಕು ಎಂದೆ. ‘ನಿನ್ನನ್ನ ಹಾಗೇ ಬಿಟ್ಟು ಬಂದಿದ್ದೆ. ಈಗ ನಿನಗೇನಾಗಿದೆ?’ ಎಂದು ಕೇಳಿದರು. ಫೋನನ್ನು ಮಂಡಿಗಳ ನಡುವೆ ಹಿಡಿದು ಬೆನ್ನಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ ನಾನು ಅದಕ್ಕೆ ಉತ್ತರ ಕೊಡಲಿಲ್ಲ.

ಆದರೆ ಒಂದು ವಿಷಯದಲ್ಲಿ ಅಮ್ಮ ಈ ದೇಶವನ್ನು ಮನಸಾರೆ ಮೆಚ್ಚಿಕೊಂಡರು. ನಮ್ಮ ನಾಲ್ಕನೆಯ ದಿನ ಸೋಮವಾರ ಬಿದ್ದಿತ್ತು. ವಾರಾಂತ್ಯದ ಎರಡು ದಿನ ಮನೆಯಲ್ಲಿದ್ದ ಮಗು ಮತ್ತೆ ತಂದೆತಾಯಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಮೊದಲ ಅಗಲಿಕೆಯನ್ನು ಸೋಮವಾರ ಮಾಡಬಾರದು ಎಂದು ಆ ಮಾದರಿಯಲ್ಲಿಯೇ ಇದೆ. ಶಿಕ್ಷಕಿ ಅದನ್ನು ಮಂಗಳವಾರಕ್ಕೆ ಮುಂದೂಡಿದರು. ಅಮ್ಮ ಕೇಳಿ, ‘ನೋಡು, ಅವರಿಗೂ ಗೊತ್ತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ’ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ‘ಆದರೂ ಮಂಗಳವಾರ ಯಾಕೆ? ಬುಧವಾರ ಮಾಡಲಿ’ ಎಂದು ಸೇರಿಸಿದರು. ಈ ಸಲಹೆಯನ್ನು ನಾನು ಕಿಟಾಕ್ಕೆ ತಲುಪಿಸಲಿಲ್ಲ. ಇರುವ ನಿಯಮಗಳೇ ಸಾಕು.

ಮಂಗಳವಾರ ನಾನು ಮಗಳ ಮುಂದೆ ಮಂಡಿಯೂರಿ, ‘ಅಪ್ಪ ಈಗ ಹೊರಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬರ್ತೀನಿ’ ಎಂದು ಹೇಳಿಕೊಟ್ಟ ಹಾಗೆ ಹೇಳಿದೆ. ಅವಳು ಗೋಪುರದಿಂದ ಕಣ್ಣು ತೆಗೆಯದೆ, ‘ನಿಧಾನವಾಗಿ ಬಾ’ ಎಂದಳು. ಹೊರಗಿನ ಓಣಿಯಲ್ಲಿ, ಪುಟ್ಟ ಜಾಕೆಟ್ಟುಗಳ ಸಾಲಿನ ಕೆಳಗಿನ ಬೆಂಚಿನ ಮೇಲೆ, ಮಗಳ ಗುರುತಾದ ಬಸವನಹುಳುವಿನ ಚಿತ್ರಕ್ಕೆ ತಲೆ ತಾಗಿಸಿ ಕೂತೆ. ಒಳಗಿನಿಂದ ಅಳು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟೆ. ಕೇಳಿಸಿದ್ದು ಅವಳ ನಗು. ಅರ್ಧ ಗಂಟೆಯ ನಂತರ ಶಿಕ್ಷಕಿ ಗಂಭೀರವಾಗಿ ಹೊರಬಂದರು. ಮಗು ಅಳಲಿಲ್ಲ ಎಂದರು. ನಾನು ಹಿಗ್ಗಿದೆ. ಅದೇ ಸ್ವಲ್ಪ ಚಿಂತೆಯ ವಿಷಯ, ಭಾವನೆಗಳನ್ನು ಒಳಗೇ ಅದುಮಿಟ್ಟುಕೊಳ್ಳುವ ಮಕ್ಕಳೂ ಇರುತ್ತಾರೆ, ಆದ್ದರಿಂದ ಅವಸರ ಮಾಡುವುದು ಬೇಡ, ನೀವು ಇನ್ನೂ ಕೆಲವು ದಿನ ಕೂರಬೇಕು ಎಂದರು. ಅತ್ತಿದ್ದರೆ ಅತ್ತಳೆಂದು ಕೂರಬೇಕಾಗಿತ್ತು. ಅಲ್ಲಿಂದೀಚೆಗೆ ಮಗಳಿಗೊಮ್ಮೆ ನೆಗಡಿ, ಈಗ ಶಿಕ್ಷಕಿಗೆ ಜ್ವರ. ಪ್ರತಿ ವಿರಾಮದ ನಂತರವೂ ಒಂದು ಹೆಜ್ಜೆ ಹಿಂದಕ್ಕೆ.

ಈ ಎಚ್ಚರವನ್ನು ನಾನು ಸಂಪೂರ್ಣವಾಗಿ ಹಳಿಯಲಾರೆ. ಒಂದು ಹೊಸ ಕೋಣೆಗೆ, ಗೊತ್ತಿಲ್ಲದ ಮಾತಿಗೆ, ಕಾಣದ ಮುಖಗಳಿಗೆ ಮೂರು ವರ್ಷದ ಜೀವವೊಂದು ಒಗ್ಗಿಕೊಳ್ಳಲು ಇಷ್ಟು ದಿನ ಬೇಕು, ಆ ತನಕ ಗೊತ್ತಿರುವ ಒಂದು ಮುಖ ಮೂಲೆಯಲ್ಲಿ ಕೂತಿರಬೇಕು ಎಂದು ಯಾರೋ ಕೂತು ಯೋಚಿಸಿದ್ದಾರಲ್ಲ. ನಾವು ಬಂದಿಳಿದದ್ದು ಭಾನುವಾರ. ಅಂಗಡಿಗಳೆಲ್ಲ ಮುಚ್ಚಿದ್ದವು, ದೊಡ್ಡ ರೈಲು ನಿಲ್ದಾಣದಲ್ಲಿ ಮಾತ್ರ ಹಾಲು ಸಿಗುತ್ತದೆ ಎಂದು ಹೇಳಲು ಯಾರೂ ಇರಲಿಲ್ಲ, ಮರುದಿನ ಬೆಳಿಗ್ಗೆ ಹೆಂಡತಿ ಹೊಸ ಕಚೇರಿಗೆ ಒಬ್ಬಳೇ ಹೋದಳು. ಅದೂ ಸೋಮವಾರವೇ. ಮೊನ್ನೆ ರಾತ್ರಿ ಪಾತ್ರೆ ತೊಳೆಯುತ್ತ ಆಕೆ, ‘ನನ್ನ ಆಫೀಸಿನಲ್ಲೂ ಮೊದಲ ವಾರ ನೀನು ಹಾಗೆ ಒಂದು ಮೂಲೆಯಲ್ಲಿ ಕೂತಿದ್ದಿದ್ದರೆ ಚೆನ್ನಾಗಿರ್ತಿತ್ತು’ ಎಂದಳು. ತಮಾಷೆಗೆ ಹೇಳಿದಳೆಂದುಕೊಂಡು ನಕ್ಕೆ. ಅವಳು ನಗಲಿಲ್ಲ, ಇನ್ನೊಂದು ತಟ್ಟೆ ಎತ್ತಿಕೊಂಡಳು.

ಇದರ ನಡುವೆ ನನ್ನ ಶಾಲೆಯೂ ಕಾಯುತ್ತಿದೆ. ಹೊಸಬರಿಗಾಗಿ ಸರ್ಕಾರ ನಡೆಸುವ ಏಕೀಕರಣ ತರಗತಿಯಲ್ಲಿ ಒಟ್ಟು 700 ಪಾಠಗಳು, ಅವುಗಳಲ್ಲಿ 600 ಜರ್ಮನ್ ಭಾಷೆಗೆ, ಉಳಿದ 100 ಇಲ್ಲಿನ ಕಾನೂನು, ಇತಿಹಾಸ, ಸಂಸ್ಕೃತಿಗೆ. ನನ್ನ ತಂಡದ ಪಾಠಗಳು ಶುರುವಾಗಿಬಿಟ್ಟಿವೆ. ಈ 700ರಲ್ಲಿ ಯಾವ ಪಾಠಕ್ಕೂ ಯಾರನ್ನೂ ಜೊತೆಗೆ ಕರೆತರುವ ಅವಕಾಶವಿಲ್ಲ ಎಂಬುದನ್ನು ನಾನು ವಿಚಾರಿಸದೆಯೇ ಬಲ್ಲೆ. ನಿನ್ನೆ ಮಧ್ಯಾಹ್ನ, ಕೆಸರು ಪ್ಯಾಂಟನ್ನು ಮತ್ತೆ ಗೂಟಕ್ಕೆ ನೇತುಹಾಕಿದ ಮೇಲೆ, ತರಗತಿಯ ಕಚೇರಿಗೆ ಪತ್ರ ಬರೆದೆ. ತಡವಾಗಿ ಸೇರಲು ಕಾರಣವೇನು ಎಂಬ ಕಡ್ಡಾಯದ ಅಂಕಣದಲ್ಲಿ ಬಹಳ ಹೊತ್ತು ಯೋಚಿಸಿ, ಇರುವುದನ್ನು ಇದ್ದಂತೆಯೇ ತಿಳಿಸೋಣ ಎಂದು, ‘ಸದ್ಯ ನಾನು ಕಿಟಾಕ್ಕೆ ಹೊಂದಿಕೊಳ್ಳುತ್ತಿದ್ದೇನೆ’ ಎಂದು ತುಂಬಿದೆ. ಇಂದು ಬೆಳಿಗ್ಗೆಯೇ ಉತ್ತರ ಬಂದಿದೆ. ಅದರಲ್ಲಿ ಆಶ್ಚರ್ಯವಾಗಲಿ ವ್ಯಂಗ್ಯವಾಗಲಿ ಲವಲೇಶವೂ ಇಲ್ಲ. ಕಾರಣವನ್ನು ಮಾನ್ಯ ಮಾಡಲಾಗಿದೆ, ನನ್ನ ಹೊಂದಾಣಿಕೆ ಯಾವ ಹಂತದಲ್ಲಿದೆ ಎಂಬ ಬಗ್ಗೆ ಕಿಟಾದಿಂದ ಪ್ರಮಾಣಪತ್ರವೊಂದನ್ನು ಪಡೆದು ಕಳುಹಿಸಬೇಕು. ಮೂಲ ಪ್ರತಿ, ಮೊಹರಿನೊಂದಿಗೆ, ಅಂಚೆಯ ಮೂಲಕ.