ಗಣಿ ಮುಚ್ಚಿದರೂ ಮುಚ್ಚದ ಸಂಘ

ಜುಲೈ ತಿಂಗಳ ಎರಡನೆಯ ಶನಿವಾರ ಇಂಗ್ಲೆಂಡಿನ ಡರಹಂ ಪಟ್ಟಣದಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಜಾತ್ರೆ. ಹಿತ್ತಾಳೆ ವಾದ್ಯದವರ ಜೊತೆಗೆ ಊರೂರಿನ ರೇಷ್ಮೆ ಬ್ಯಾನರುಗಳು ಬರುತ್ತವೆ. ಕಂಬ ಹೊರಲು ಇಬ್ಬರು, ಗಾಳಿಗೆ ವಾಲದಂತೆ ಹಗ್ಗ ಹಿಡಿಯಲು ನಾಲ್ವರು. ಸಾವಾದ ಊರಿನ ಬ್ಯಾನರಿಗೆ ಕಪ್ಪು ಬಟ್ಟೆ ಇಳಿಬಿಟ್ಟಿರುತ್ತಾರೆ. ಈ ಸಲ ಹಗ್ಗ ಹಿಡಿದವರಲ್ಲಿ ಹೈಸ್ಕೂಲು ಹುಡುಗಿಯೊಬ್ಬಳಿದ್ದಳು. ಈ ಸೀಮೆಯ ಕೊನೆಯ ಆಳದ ಗಣಿ ಮುಚ್ಚಿದ್ದು 1993ರಲ್ಲಿ, ಅವಳು ಹುಟ್ಟುವುದಕ್ಕೆ ಎಷ್ಟೋ ಮೊದಲು. ಆದರೂ ಹಗ್ಗದ ಮೇಲಿನ ಅವಳ ಹಿಡಿತ ಸಡಿಲವಾಗಲಿಲ್ಲ. ಕೋಲಾರ ಜಿಲ್ಲೆಯವನಾದ ನನಗೆ ಹೊಟ್ಟೆ ಉರಿಯಿತು.

1869ರಲ್ಲಿ ಹುಟ್ಟಿದ ಡರಹಂ ಗಣಿ ಕಾರ್ಮಿಕರ ಸಂಘ ಗಣಿಯೊಂದಿಗೆ ಸಾಯಲಿಲ್ಲ. ಧೂಳು ಕುಡಿದು ಎದೆ ಕೆಟ್ಟವರ ಪರಿಹಾರಕ್ಕಾಗಿ ಇಂದಿಗೂ ಓಡಾಡುತ್ತದೆ. 1915ರಲ್ಲಿ ಅದು ಕಟ್ಟಿದ್ದೇ ರೆಡ್‌ಹಿಲ್ಸ್ ಎಂಬ ಭವನ. ಅದರ ಸಭಾಂಗಣ ಸಂಸತ್ತಿನ ಹಾಗಿದೆ: ಒಂದೊಂದು ಗಣಿಯ ಪ್ರತಿನಿಧಿಗೂ ಅವನದೇ ಸಂಖ್ಯೆಯ ಆಸನ. ಕೆಲಸ ಬಿಟ್ಟೊಡನೆ ಕಂಪನಿಯ ಮನೆ ಖಾಲಿ ಮಾಡಬೇಕಾಗಿದ್ದ ಮುದುಕರಿಗೆ ಸೂರು ಒದಗಿಸಲು ಇಲ್ಲಿನ ಗಣಿ ಕಾರ್ಮಿಕರು 1898ರಲ್ಲೇ ಪ್ರತ್ಯೇಕ ಸಂಸ್ಥೆ ಕಟ್ಟಿ, ತಮ್ಮ ಕೂಲಿಯಿಂದಲೇ ಅದಕ್ಕೆ ವಂತಿಗೆ ಕೊಟ್ಟರು.

ನಮ್ಮ ಕೋಲಾರದ ಚಿನ್ನದ ಗಣಿ, ಕೆಜಿಎಫ್, ಇದಕ್ಕೇನು ಕಡಿಮೆ? ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಬೆಂಗಳೂರಿಗಿಂತ ಮೊದಲು, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಬಂದದ್ದು ಅಲ್ಲಿಗೆ. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಉಳಿದದ್ದು ಚಿನ್ನ ತೆಗೆದ ಮೇಲಿನ ಮಣ್ಣಿನ ಸೈನೈಡ್ ಗುಡ್ಡಗಳು, ತುಕ್ಕು ಹಿಡಿಯುತ್ತಿರುವ ಶಾಫ್ಟ್ ಗೋಪುರಗಳು, ಬೆಳಗಿನ ಜಾವದ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೊರಡುವ ಜನ. ಕಾರ್ಮಿಕರ ಕಥೆ ಹೇಳುವ ಇಂಥದೊಂದು ಭವನ ನಮ್ಮಲ್ಲೇಕಿಲ್ಲ? ಸಂಘಗಳೇನೋ ಇದ್ದವು. ಆದರೆ ಪಕ್ಷಕ್ಕೊಂದು ಸಂಘವಾದರೆ ಎಲ್ಲರ ನೆನಪನ್ನು ಕಾಯುವವರು ಯಾರು?

ಇಷ್ಟು ಬರೆದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಡರಹಂನ ಹಳ್ಳಿಗಳೂ ನೆಮ್ಮದಿಯಾಗಿಲ್ಲ. ಗಣಿ ಮುಚ್ಚುವುದನ್ನು ವಿರೋಧಿಸಿ ನಡೆಸಿದ 1984-85ರ ಮುಷ್ಕರದಲ್ಲಿ ಸೋತ ನಂತರ ಕೆಲಸವಿಲ್ಲದೆ ಸೊರಗಿದವು ಹಲವು. ರೆಡ್‌ಹಿಲ್ಸ್ ಭವನವನ್ನು ಜೀರ್ಣೋದ್ಧಾರ ಮಾಡಲು ಅಲ್ಲಿನ ರಾಷ್ಟ್ರೀಯ ಲಾಟರಿ ನಿಧಿಯ ಹಣ ಬೇಕಾಯಿತು. ಕೆಜಿಎಫ್‌ನಲ್ಲಿ ಕಂಪನಿಯ ಸಾಲುಮನೆಗಳಾದ ಲೈನ್ ಮನೆಗಳವರಿಗೆ ಕಾಲ ಕೆಳಗಿನ ನೆಲವೇ ತಮ್ಮದಾಗಿರಲಿಲ್ಲ, ಭವನ ಎಲ್ಲಿ ಕಟ್ಟಿಯಾರು? ಅವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಅವರ ಬೆವರಿನ ಚಿನ್ನವನ್ನು ನಾಡಿನ ಹೆಮ್ಮೆ ಎಂದ ನಾವು, ಅವರನ್ನು ನಮ್ಮವರೆಂದು ಕರೆದದ್ದು ಕಡಿಮೆ. ಆ ಭವನಕ್ಕೆ ಜಾಗವನ್ನೂ ದುಡ್ಡನ್ನೂ ಮೊದಲು ಕೊಡಬೇಕಾದವರು ಅವರಲ್ಲ, ನಾವು.