ವಿಯೆಟ್ನಾಂಗೆ ಹೋಗುವವರೇ, ಆ ಬಂದೂಕು ಮುಟ್ಟಬೇಡಿ

ಗೆಳೆಯರೊಬ್ಬರು ಮುಂದಿನ ತಿಂಗಳು ಮನೆಮಂದಿ ಜೊತೆ ವಿಯೆಟ್ನಾಂಗೆ ಹೊರಟಿದ್ದಾರೆ. ಟೂರ್‌ನವರು ಕೊಟ್ಟ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ಒಂದ್ಸಲ ನೋಡಿ ಹೇಳಿ, ಏನಾದ್ರೂ ಬಿಟ್ಟು ಹೋಗಿದ್ಯಾ" ಅಂದರು. ಆರು ದಿನ. ಹಾ ಲಾಂಗ್ ಕೊಲ್ಲಿಯಲ್ಲಿ ಕ್ರೂಸ್, ಬಾ ನಾ ಬೆಟ್ಟದಲ್ಲಿ ದೊಡ್ಡ ಕೈಗಳು ಹೊತ್ತು ನಿಂತ ಬಂಗಾರದ ಬಣ್ಣದ ಸೇತುವೆ, ಹೋಯ್ ಆನ್‌ನಲ್ಲಿ ಬುಟ್ಟಿ ದೋಣಿ, ಕೊನೆಯ ದಿನ ಕೂ ಚಿ ಸುರಂಗ. ಕೂ ಚಿ ಮುಂದೆ ಹೀಗೆ ಬರೆದಿತ್ತು: ಎಕೆ-47 ಶೂಟಿಂಗ್ ಇದೆ, ಗುಂಡಿನ ಖರ್ಚು ನಿಮ್ಮದು.

ಆ ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಅವರಿಗೆ ಒಬ್ಬರಿಗೇ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಈಗ ನಮ್ಮವರು ಜಾಸ್ತಿ ಹೋಗುತ್ತಿರುವ ದೇಶ ಅದು.

ನಮ್ಮದು ಮೂಡಿಗೆರೆ ಕಡೆ. ಸ್ವಲ್ಪ ಕಾಫಿ, ಮರದ ಮೇಲೆ ಮೆಣಸಿನ ಬಳ್ಳಿ. ನಮ್ಮ ಮನೆಯಲ್ಲಿ ವಿಯೆಟ್ನಾಂ ಅಂದರೆ ಮೆಣಸಿನ ರೇಟು ಬೀಳಿಸುವ ದೇಶ, ಅಷ್ಟೇ. ಅಪ್ಪ ಪೇಪರ್ ಓದುತ್ತಾ "ಮತ್ತೆ ವಿಯೆಟ್ನಾಂ ಮಾಲು ಬಂತಂತೆ" ಅಂತ ನಿಟ್ಟುಸಿರು ಬಿಡುತ್ತಿದ್ದರು. ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳ ಜೊತೆ ಹದಿನಾಲ್ಕು ದಿನ ಹೋಗಿ ಬಂದೆ. ಈಗ ಆ ಹೆಸರು ಕೇಳಿದರೆ ನನಗೆ ಬೇರೆಯದೇ ನೆನಪಾಗುತ್ತದೆ.

ಕೂ ಚಿಯಿಂದಲೇ ಶುರು ಮಾಡುತ್ತೇನೆ. ಹೋ ಚಿ ಮಿನ್ ಸಿಟಿಯಿಂದ ಒಂದೂವರೆ, ಎರಡು ಗಂಟೆ ದಾರಿ. ಅಮೆರಿಕದ ಜೊತೆಗಿನ ಯುದ್ಧದ ಕಾಲದಲ್ಲಿ ಅಲ್ಲಿ ನೆಲದಡಿ 200 ಕಿಲೋಮೀಟರಿಗೂ ಜಾಸ್ತಿ ಸುರಂಗ ಇತ್ತು. ಅಡುಗೆಮನೆ, ಆಸ್ಪತ್ರೆ, ಆಯುಧ ಮಾಡುವ ಜಾಗ, ಎಲ್ಲವೂ ಕೆಳಗೇ. ಪ್ರವಾಸಿಗರಿಗೆ ಅಂತ ಸ್ವಲ್ಪ ಅಗಲ ಮಾಡಿದ್ದಾರೆ. ಹಾಗಿದ್ದರೂ ಮಂಡಿಯೂರಿ ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ನನಗೆ ಉಸಿರು ಕಟ್ಟಿತು. ಹೊರಗೆ ಬಂದರೆ ತಟ್ಟೆಯಲ್ಲಿ ಬೇಯಿಸಿದ ಮರಗೆಣಸು ಕೊಟ್ಟರು, ಜೊತೆಗೆ ಕಡಲೆಕಾಯಿ, ಎಳ್ಳು, ಉಪ್ಪಿನ ಪುಡಿ. ಗೆರಿಲ್ಲಾಗಳು ತಿಂಗಳುಗಟ್ಟಲೆ ಇದನ್ನೇ ತಿಂದು ಬದುಕಿದ್ದು ಅಂತ ಗೈಡ್ ಹೇಳಿದರು. ನಮ್ಮ ಅಜ್ಜಿ ಕಾಲದಲ್ಲಿ ಮಳೆಗಾಲಕ್ಕೆ ನಮ್ಮ ಮನೆಯಲ್ಲೂ ಅದೇ ಮರಗೆಣಸು. ಅದೇ ರುಚಿ. ಗಂಟಲು ತುಂಬಿ ಬಂತು.

ಆಗ ಪಕ್ಕದಿಂದ ಢಂ ಢಂ ಅಂತ ಗುಂಡಿನ ಸದ್ದು. ಶೂಟಿಂಗ್ ರೇಂಜ್. ಗುಂಡಿಗೆ ಇಷ್ಟು ಅಂತ ದುಡ್ಡು ಕೊಟ್ಟು ಎಕೆ-47, ಎಂ-16 ಹಿಡಿದು ಹೊಡೆಯಬಹುದು. ಸಾಲಿನಲ್ಲಿ ನಮ್ಮ ದೇಶದವರೂ ಇದ್ದರು. ಹೊಡೆದು ಬಂದು ವಿಡಿಯೋ ತೋರಿಸಿ ನಗುತ್ತಿದ್ದರು. ಮಗಳು ಮರಗೆಣಸನ್ನು ತಟ್ಟೆಯಲ್ಲೇ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡು ಕೂತಳು.

"ಅವರೇ ಇಟ್ಟಿದ್ದಾರಲ್ಲ, ಅವರಿಗೇ ಇಲ್ಲದ ಬೇಜಾರು ನಿಮಗ್ಯಾಕೆ" ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಯುದ್ಧದ ಜಾಗದಿಂದ ಒಂದು ಹೊತ್ತಿನ ಊಟ ದುಡಿಯುವ ಹಕ್ಕು ಅವರಿಗಿದೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಆ ಸದ್ದು ಕೇಳಿ ಮನೆಯವರನ್ನು ಕಳೆದುಕೊಂಡವರು ಆ ಸುತ್ತಮುತ್ತಲೇ ಇನ್ನೂ ಬದುಕಿದ್ದಾರೆ. ನಾವು ದುಡ್ಡು ಕೊಟ್ಟು ಆ ಸದ್ದು ಮಾಡಲೇಬೇಕಾ? ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಪ್ಯಾಕೇಜ್‌ನಲ್ಲಿದ್ದರೆ ಮೊದಲೇ ತೆಗೆಸಿ.

ಇನ್ನೊಂದು ಮಾತು. ಕೂ ಚಿಯಲ್ಲಿ ಎರಡು ಜಾಗ ಇವೆ. ಬಸ್ಸುಗಳೆಲ್ಲ ಹೋಗುವುದು ಬೆನ್ ದಿನ್‌ಗೆ. ಇನ್ನೂ ಸ್ವಲ್ಪ ಮುಂದೆ ಬೆನ್ ದುವೊಕ್ ಇದೆ, ಜನ ಕಡಿಮೆ. ಅಲ್ಲಿ ಒಂದು ಸ್ಮಾರಕ ದೇಗುಲ ಇದೆ. ಒಳಗೆ ಗೋಡೆ ತುಂಬಾ ಆ ಭಾಗದಲ್ಲಿ ಸತ್ತವರ ಹೆಸರು, 44 ಸಾವಿರಕ್ಕೂ ಜಾಸ್ತಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅಲ್ಲಿಗೇ ಹೋಗಿ.

ನಗರದಲ್ಲಿರುವ ಯುದ್ಧ ಅವಶೇಷಗಳ ಮ್ಯೂಸಿಯಂ ವಿಷಯದಲ್ಲಿ ನಾನು ತಪ್ಪು ಮಾಡಿದೆ. ನೀವು ಮಾಡಬೇಡಿ. ಅಮೆರಿಕದ ಸೇನೆ 1961ರಿಂದ 1971ರ ತನಕ ಅಲ್ಲಿನ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕ ಸುರಿಯಿತು. ಅದರಲ್ಲಿ ದೊಡ್ಡ ಪಾಲು ಏಜೆಂಟ್ ಆರೆಂಜ್. ಅದರಲ್ಲಿದ್ದ ಡಯಾಕ್ಸಿನ್ ವಿಷ ಮಣ್ಣಿಗೆ, ನೀರಿಗೆ, ತಾಯಂದಿರ ಮೈಗೆ ಸೇರಿತು. ಅಂಗ ಸರಿಯಾಗಿ ಬೆಳೆಯದೆ ಹುಟ್ಟಿದ ಮಕ್ಕಳ ಫೋಟೋಗಳು ಆ ಮ್ಯೂಸಿಯಂನಲ್ಲಿವೆ. ಮೊದಲೇ ಏನೂ ಹೇಳದೆ ಮಗಳನ್ನು ಕರೆದುಕೊಂಡು ಹೋದೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಚಿಕ್ಕ ಮಕ್ಕಳಿದ್ದರೆ ಗಂಡ ಹೆಂಡತಿ ಸರದಿ ಮೇಲೆ ಹೋಗಿ, ಒಬ್ಬರು ಮಗುವಿನ ಜೊತೆ ಕೆಳಗಿರಿ. ನೆಲ ಅಂತಸ್ತಿನಲ್ಲಿ ಬೇರೆ ಬೇರೆ ದೇಶದ ಜನ ಯುದ್ಧ ಬೇಡ ಅಂತ ಬೀದಿಗಿಳಿದ ಫೋಟೋ, ಪೋಸ್ಟರ್‌ಗಳಿವೆ. ಅದನ್ನು ಮಕ್ಕಳಿಗೆ ಧೈರ್ಯವಾಗಿ ತೋರಿಸಬಹುದು.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ಜಾಗಗಳಿಗೆ ಬರುತ್ತೇನೆ. ಎರಡೂ ಮಧ್ಯ ವಿಯೆಟ್ನಾಂನಲ್ಲಿವೆ. ಆರು ದಿನದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೊದಲನೆಯದು ಕ್ವಾಂಗ್ ತ್ರಿ. ಹುಯೆ ಊರಿನಿಂದ ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್. 1954ರಲ್ಲಿ ಜಿನೀವಾ ಒಪ್ಪಂದ ಆಗಿ ದೇಶ ಎರಡು ಭಾಗ ಆಯಿತಲ್ಲ, ಆ ಗಡಿ ಬಂದಿದ್ದು ಇಲ್ಲಿನ ಬೆನ್ ಹಾಯ್ ನದಿಗೆ. ಎರಡು ವರ್ಷಕ್ಕೆ ಮಾತ್ರ ಅಂದಿದ್ದರು, ಚುನಾವಣೆ ಮಾಡಿ ಒಂದು ಮಾಡುತ್ತೇವೆ ಅಂದಿದ್ದರು. ಚುನಾವಣೆ ಆಗಲೇ ಇಲ್ಲ. ಆ ಒಪ್ಪಂದವನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಆಯೋಗದಲ್ಲಿ ಕೆನಡಾ, ಪೋಲೆಂಡ್ ಜೊತೆ ನಮ್ಮ ದೇಶವೂ ಇತ್ತು. ಅಧ್ಯಕ್ಷತೆ ಭಾರತದ್ದೇ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನನಗೂ ಅಲ್ಲಿಗೆ ಹೋಗುವ ಮುಂಚೆ ಗೊತ್ತಿರಲಿಲ್ಲ. ನದಿಯ ಮೇಲಿನ ಹಿಯೆನ್ ಲುವಾಂಗ್ ಸೇತುವೆಯ ಅರ್ಧಕ್ಕೆ ನೀಲಿ, ಇನ್ನರ್ಧಕ್ಕೆ ಹಳದಿ ಬಣ್ಣ. ಈಗ ಅದರ ಮೇಲೆ ನಡೆದುಕೊಂಡು ಈ ದಡದಿಂದ ಆ ದಡಕ್ಕೆ ಹೋಗಬಹುದು. ನಡುವೆ ಬಣ್ಣ ಬದಲಾಗುವ ಕಡೆ ಒಂದು ನಿಮಿಷ ನಿಂತೆವು.

ಅಲ್ಲಿಂದ ಸಮುದ್ರದ ಕಡೆ ಹೋದರೆ ವಿನ್ ಮೊಕ್. ದಾರಿಯಲ್ಲಿ ನನಗೆ ಮೈ ಜುಂ ಅಂದಿತು. ಕೆಂಪು ಮಣ್ಣು. ಮನೆ ಹಿತ್ತಲಲ್ಲಿ ಮೆಣಸಿನ ಬಳ್ಳಿ. ಅಪ್ಪನ ನಿಟ್ಟುಸಿರಿನ ಆ ಮೆಣಸು ಇಂಥ ಜಾಗಗಳಿಂದಲೇ ಬರುವುದು. ಈ ಮಣ್ಣಿಗೆ ಹಾರೆ ಹಾಕುವ ರೈತನಿಗೆ ನಮಗಿಲ್ಲದ ಒಂದು ಹೆದರಿಕೆ ಇದೆ: ಸಿಡಿಯದೆ ಉಳಿದ ಬಾಂಬು. ಯುದ್ಧದಲ್ಲಿ ಅತಿ ಹೆಚ್ಚು ಬಾಂಬು ಬಿದ್ದ ಜಾಗಗಳಲ್ಲಿ ಕ್ವಾಂಗ್ ತ್ರಿ ಒಂದು. 1975ರಲ್ಲಿ ಯುದ್ಧ ಮುಗಿದ ಮೇಲೂ ಇಲ್ಲಿ ಸಾವಿರಾರು ಜನ ಸತ್ತಿದ್ದಾರೆ, ಕೈಕಾಲು ಕಳೆದುಕೊಂಡಿದ್ದಾರೆ. ಆಟದ ಸಾಮಾನು ಅಂತ ಎತ್ತಿಕೊಂಡ ಮಕ್ಕಳು, ಗುಜರಿಗೆ ಅಂತ ಕಬ್ಬಿಣ ಆರಿಸಿದವರು, ತೋಟ ಅಗೆದವರು. ದೊಂಗ್ ಹಾ ಪಟ್ಟಣದಲ್ಲಿ ಪ್ರಾಜೆಕ್ಟ್ ರಿನ್ಯೂ ಅನ್ನುವ ಸಂಸ್ಥೆಯ ಒಂದು ಕೇಂದ್ರ ಇದೆ. ಬಾಂಬು ತೆಗೆಯುವ ಕೆಲಸವನ್ನು, ಮಕ್ಕಳಿಗೆ ಹೇಳಿಕೊಡುವ ರೀತಿಯನ್ನು ಅಲ್ಲಿ ವಿವರವಾಗಿ ತೋರಿಸುತ್ತಾರೆ. ಒಂದು ಗಂಟೆ ಇಡಿ. ನೀವೂ ಆ ಕಡೆ ಕಾಲುದಾರಿ ಬಿಟ್ಟು ಇಳಿಯಬೇಡಿ. ನೆಲದ ಮೇಲೆ ಬಿದ್ದ ಲೋಹದ ಚೂರು ಮುಟ್ಟಬೇಡಿ. ಹಳೆಯ ಗುಂಡು, ಖಾಲಿ ತೋಟಾ ನೆನಪಿಗೆ ಅಂತ ಕೊಳ್ಳಲೇಬೇಡಿ, ವಿಮಾನ ನಿಲ್ದಾಣದಲ್ಲಿ ದೊಡ್ಡ ತಾಪತ್ರಯ ಆಗುತ್ತದೆ.

ವಿನ್ ಮೊಕ್ ಸುರಂಗ ಸೈನಿಕರದ್ದಲ್ಲ, ಒಂದು ಮೀನುಗಾರರ ಊರಿನದ್ದು. ಮೇಲೆ ಬಾಂಬು ತಡೆಯಲಾರದೆ ಊರಿಗೆ ಊರೇ ನೆಲದಡಿ ಇಳಿಯಿತು. ಗುದ್ದಲಿ, ಬುಟ್ಟಿ ಹಿಡಿದು ತೋಡಿದ್ದು. ಮೂರು ಅಂತಸ್ತು, ಸುಮಾರು ಎರಡು ಕಿಲೋಮೀಟರ್ ಉದ್ದ. ಹೆಚ್ಚು ಕಡಿಮೆ ಆರು ವರ್ಷ ಅಲ್ಲೇ ಬದುಕಿದರು. ಒಂದೊಂದು ಸಂಸಾರಕ್ಕೆ ಗೋಡೆಯಲ್ಲಿ ಕೊರೆದ ಒಂದೊಂದು ಗೂಡು. ನಮ್ಮ ರೈಲಿನ ಬರ್ತಿಗಿಂತ ಸ್ವಲ್ಪ ದೊಡ್ಡದು ಇರಬಹುದು. ಹೆರಿಗೆಗೆ ಅಂತ ಬೇರೆ ಒಂದು ಗೂಡು. ಆ ಸುರಂಗದೊಳಗೆ 17 ಮಕ್ಕಳು ಹುಟ್ಟಿದವು. ಮಗಳು ಆ ಗೂಡಿನೊಳಗೆ ಕೈ ಚಾಚಿ ಅಳತೆ ನೋಡಿದಳು. "ಅಮ್ಮ, ಪಾಪು ಅತ್ರೆ ಎಲ್ರಿಗೂ ಕೇಳಿಸ್ತಿತ್ತು ಅಲ್ವಾ?" ಅಂದಳು. ಸುರಂಗದ ಆ ತುದಿಯಲ್ಲಿ ಸಮುದ್ರ ಬರುತ್ತದೆ, ಬೆಳಕು ಒಮ್ಮೆಲೇ ಕಣ್ಣಿಗೆ ಬಡಿಯುತ್ತದೆ.

ಎರಡನೆಯದು ಸೋನ್ ಮೀ. ಹೊರಗಿನ ಲೋಕಕ್ಕೆ ಮೈ ಲಾಯ್ ಅಂತ ಗೊತ್ತು. ಕ್ವಾಂಗ್ ನ್ಗಾಯ್ ಊರಿನಿಂದ ಹತ್ತು, ಹದಿಮೂರು ಕಿಲೋಮೀಟರ್. 1968ರ ಮಾರ್ಚ್ 16ರ ಬೆಳಿಗ್ಗೆ ಅಮೆರಿಕದ ಸೈನಿಕರು ಆ ಹಳ್ಳಿಗೆ ನುಗ್ಗಿದರು. ಜನ ಬೆಳಗಿನ ಊಟಕ್ಕೆ ಕೂತಿದ್ದ ಹೊತ್ತು. ಅಲ್ಲಿನ ಲೆಕ್ಕದಲ್ಲಿ ಸತ್ತವರು 504. ಕಪ್ಪು ಕಲ್ಲಿನ ಮೇಲೆ ಎಲ್ಲರ ಹೆಸರು, ಮುಂದೆ ವಯಸ್ಸು. ಹೆಸರು ಓದಲು ನಮಗೆ ಬರುವುದಿಲ್ಲ. ವಯಸ್ಸು ಬರುತ್ತದಲ್ಲ. ಅಜ್ಜಿಯ ವಯಸ್ಸಿನವರು, ಮಗಳ ವಯಸ್ಸಿನವರು, ಒಂದು ವರ್ಷ ತುಂಬದವರು. ನಾನು ಅರ್ಧಕ್ಕೇ ನಿಲ್ಲಿಸಿದೆ.

ಹೊರಗೆ ಸುಟ್ಟ ಮನೆಗಳ ಅಡಿಪಾಯ ಹಾಗೇ ಇಟ್ಟಿದ್ದಾರೆ. ಮನೆಗಳ ನಡುವಿನ ದಾರಿಯನ್ನು ಸಿಮೆಂಟಿನಲ್ಲಿ ಮಣ್ಣಿನ ದಾರಿಯ ಹಾಗೇ ಮಾಡಿದ್ದಾರೆ. ಬಗ್ಗಿ ನೋಡಿದರೆ ಅದರಲ್ಲಿ ಹೆಜ್ಜೆ ಗುರುತು. ಬೂಟಿನ ಗುರುತು. ಅದರ ಪಕ್ಕದಲ್ಲೇ ಬರಿಗಾಲಿನ ಗುರುತು, ಸೈಕಲ್ ಚಕ್ರದ ಗೆರೆ. ಬರಿಗಾಲಿನ ಗುರುತುಗಳಲ್ಲಿ ಕೆಲವು ಅಂಗೈಯಷ್ಟೇ ಇವೆ. ಅದರ ಮೇಲೆ ಕಾಲಿಡಲು ಮನಸ್ಸಾಗಲಿಲ್ಲ. ದಾರಿಯ ಅಂಚಿನ ಹುಲ್ಲಿನ ಮೇಲೆ ನಡೆದೆವು.

ಅಲ್ಲಿ ಇನ್ನೊಂದು ಕಥೆಯೂ ಇದೆ, ಅದನ್ನು ಮಕ್ಕಳಿಗೆ ಹೇಳಲೇಬೇಕು. ಹ್ಯೂ ಥಾಂಪ್ಸನ್ ಅನ್ನುವ ಅಮೆರಿಕದ ಹೆಲಿಕಾಪ್ಟರ್ ಪೈಲಟ್ ಮೇಲಿನಿಂದ ಇದನ್ನೆಲ್ಲ ನೋಡಿದರು. ತಮ್ಮದೇ ಸೈನಿಕರಿಗೂ ಓಡುತ್ತಿದ್ದ ಹಳ್ಳಿಯವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ನಮ್ಮವರು ಗುಂಡು ಹೊಡೆದರೆ ನೀವು ತಿರುಗಿ ಹೊಡೆಯಿರಿ ಅಂತ ತಮ್ಮ ಜೊತೆಗಾರರಿಗೆ ಹೇಳಿ, ಕೆಲವರನ್ನು ಉಳಿಸಿದರು. ಇಷ್ಟೆಲ್ಲ ಆದಮೇಲೆ ಶಿಕ್ಷೆ ಆಗಿದ್ದು ವಿಲಿಯಂ ಕ್ಯಾಲಿ ಅನ್ನುವ ಒಬ್ಬ ಅಧಿಕಾರಿಗೆ ಮಾತ್ರ. ಜೀವಾವಧಿ ಅಂತ ತೀರ್ಪು. ಕೆಲವೇ ವರ್ಷ, ಅದೂ ಹೆಚ್ಚಾಗಿ ಗೃಹಬಂಧನ.

ನಾವು ಬರಿಗೈಯಲ್ಲಿ ಹೋಗಿದ್ದೆವು. ಸಮಾಧಿ ಪಕ್ಕ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಮಗಳನ್ನು ನೋಡಿದರು. ಸೊಂಟದ ಚೀಲದಿಂದ ಊದುಬತ್ತಿ ತೆಗೆದು ಅರ್ಧ ತಾವಿಟ್ಟುಕೊಂಡು ಅರ್ಧ ಅವಳ ಕೈಗೆ ಕೊಟ್ಟರು. ಮಾತು ಬರುವುದಿಲ್ಲ, ಅವರಿಗೂ ನಮಗೂ. ಗಾಳಿಗೆ ಕಡ್ಡಿ ಆರದ ಹಾಗೆ ತಮ್ಮ ಟೋಪಿ ಅಡ್ಡ ಹಿಡಿದು ಹಚ್ಚಿಸಿದರು.

ಮೀ ಸನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಹಿಂದೆ ಆ ಭಾಗ ಆಳಿದ ಚಾಮ್ ರಾಜರು ಕಟ್ಟಿಸಿದ ಶಿವನ ಗುಡಿಗಳು, ಕೆಂಪು ಇಟ್ಟಿಗೆ, ಸಂಸ್ಕೃತ ಶಾಸನ. ನಮ್ಮವರು ಹೋಗಿ ಖುಷಿಪಡುತ್ತಾರೆ, ಪಡಬೇಕಾದ್ದೇ. ಆದರೆ ಗುಡಿಗಳ ಪಕ್ಕದ ಹುಲ್ಲಿನಲ್ಲಿ ದುಂಡಗಿನ ಗುಂಡಿಗಳಿವೆ, ಅದನ್ನೂ ನೋಡಿ. 1969ರಲ್ಲಿ ಅಮೆರಿಕದ ಬಾಂಬು ಬಿದ್ದ ಗುಂಡಿಗಳು ಅವು. ಅಲ್ಲಿದ್ದ ಅತಿ ದೊಡ್ಡ ಗುಡಿ ಆಗಲೇ ನೆಲಸಮ ಆಯಿತು. ಉಳಿದ ಕೆಲವನ್ನು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಹೋಗಿ ಸರಿಪಡಿಸಿದ್ದಾರೆ. ಆ ಕೆಲಸ ಮಾಡುವಾಗಲೇ 2020ರಲ್ಲಿ ಒಂಬತ್ತನೇ ಶತಮಾನದ ಒಂದು ಶಿವಲಿಂಗ ಸಿಕ್ಕಿದ್ದು.

ಜನರ ಜೊತೆ ಮಾತಾಡುವಾಗ ಒಂದು ಎಚ್ಚರ ಇರಲಿ. ನಾವು ವಿಯೆಟ್ನಾಂ ಯುದ್ಧ ಅನ್ನುವುದನ್ನು ಅವರು ಅಮೆರಿಕದ ಯುದ್ಧ ಅನ್ನುತ್ತಾರೆ. "ನಿಮ್ಮ ತಾತ ಯಾವ ಕಡೆ ಇದ್ರು" ಅಂತ ಗೈಡನ್ನು ಕೇಳಬೇಡಿ. ದಕ್ಷಿಣದಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಇದ್ದರು. ಸೋತ ಕಡೆಯವರು, ಅಂದರೆ ಅಮೆರಿಕದ ಜೊತೆಗಿದ್ದ ದಕ್ಷಿಣದ ಸರ್ಕಾರದ ಕಡೆಯವರು, ಆಮೇಲೆ ಬಂಧನ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು, ಲಕ್ಷಗಟ್ಟಲೆ ಜನ ದೋಣಿ ಹತ್ತಿ ದೇಶ ಬಿಟ್ಟರು. ಮ್ಯೂಸಿಯಂಗಳಲ್ಲಿ ಇದು ಕಾಣುವುದಿಲ್ಲ. ಪ್ರಧಾನಿಯಾಗಿದ್ದ ವೊ ವಾನ್ ಕಿಯೆಟ್ ಅವರೇ ಯುದ್ಧ ಮುಗಿದ ಏಪ್ರಿಲ್ 30ರ ವಿಜಯದ ದಿನದ ಬಗ್ಗೆ, ಲಕ್ಷಾಂತರ ಜನಕ್ಕೆ ಖುಷಿಯಾದರೆ ಇನ್ನು ಲಕ್ಷಾಂತರ ಜನಕ್ಕೆ ದುಃಖ ಅನ್ನುವ ಅರ್ಥದ ಮಾತು ಹೇಳಿದ್ದರು. ಅವರು ಗೆದ್ದ ಕಡೆಯವರು. ಹೆಂಡತಿ, ಮಕ್ಕಳನ್ನು ಅದೇ ಯುದ್ಧದಲ್ಲಿ ಕಳೆದುಕೊಂಡವರು. ಕೇಳದೆ ಸುಮ್ನೆ ಕೂತರೆ ಕೆಲವರು ತಾವೇ ಹೇಳುತ್ತಾರೆ.

ಉಳಿದ ವಿಷಯ ಬೇಗ ಮುಗಿಸುತ್ತೇನೆ. ಇ-ವೀಸಾ ಸರ್ಕಾರದ ವೆಬ್‌ಸೈಟ್‌ನಲ್ಲೇ ಮಾಡಿಕೊಳ್ಳಿ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯ ಭಾಗದಲ್ಲಿ ಭಾರೀ ಮಳೆ, ಪ್ರವಾಹ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳ್ಳೆಯದು. ಅಲ್ಲಿನ ಹಣ ಡಾಂಗ್‌ನಲ್ಲಿ 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ, ಸೊನ್ನೆ ಎಣಿಸಿ ಕೊಡಿ. ಸಸ್ಯಾಹಾರಿಗಳು "ಆನ್ ಚಾಯ್" ಅನ್ನಿ, ಅರ್ಥ ಆಗುತ್ತದೆ. ಮೀನಿನ ಸಾಸ್ ಬೇಡ ಅಂತ ಬೇರೆಯಾಗಿ ಹೇಳಿ. ಸ್ಮಾರಕಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಗೆಳೆಯರಿಗೆ ಇದನ್ನೇ ಫೋನಿನಲ್ಲಿ ಹೇಳಿದೆ. ಶೂಟಿಂಗ್ ತೆಗೆಸುತ್ತೇನೆ ಅಂದರು. ಬಾ ನಾ ಬೆಟ್ಟದ ದಿನವನ್ನು ಸೋನ್ ಮೀಗೆ ಕೊಡಲು ಮನೆಯಲ್ಲಿ ಮಾತಾಡುತ್ತೇನೆ ಅಂದರು. ದಾ ನಾಂಗ್‌ನಿಂದ ಕ್ವಾಂಗ್ ನ್ಗಾಯ್‌ಗೆ ರೈಲಿದೆ, ಬೆಳಗಿನದು ಹಿಡಿಯಿರಿ ಅಂದೆ. ಮತ್ತೆ, ಒಂದು ಪ್ಯಾಕೆಟ್ ಊದುಬತ್ತಿ ಇಲ್ಲಿಂದಲೇ ಇಟ್ಟುಕೊಂಡು ಹೋಗಿ ಅಂದೆ.